ಬೀಜದಿಂದ ಬಾಗೆ ಮರ ಬೆಳೆಸುವ ಬಗೆ

ಹೊಲದ ಬದುವಿಗೆ ಯಾವ ಮರ ಹಾಕುತ್ತೀರಿ ಎಂದು ರೈತರನ್ನು ಕೇಳಿದರೆ ಸಿಲ್ವರ್ ಓಕ್, ಹೆಬ್ಬೇವು, ತೇಗ ಎಂಬ ಉತ್ತರಗಳೇ ಹೆಚ್ಚಾಗಿ ಬರುತ್ತವೆ. ಬಾಗೆಯ ಹೆಸರು ಹೇಳುವವರು ಕಡಿಮೆ. ಊರ ಗುಂಡುತೋಪಿನಲ್ಲಿ, ಹಳೆಯ ರಸ್ತೆಗಳ ಸಾಲುಮರಗಳ ನಡುವೆ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳ ನೆರಳಿನಲ್ಲಿ ತಲೆಮಾರುಗಳಿಂದ ಕಣ್ಣೆದುರೇ ನಿಂತಿರುವ ಮರವಾದ್ದರಿಂದಲೋ ಏನೋ, ಅದನ್ನು ಬೆಳೆದಿರುವ ಮರವೆಂದು ನೋಡುತ್ತೇವೆಯೇ ಹೊರತು ಬೆಳೆಸಬೇಕಾದ ಮರವೆಂದು ಎಣಿಸುವುದಿಲ್ಲ.

ಸಸ್ಯಶಾಸ್ತ್ರಜ್ಞರು ಆಲ್ಬಿಝಿಯಾ ಲೆಬೆಕ್ ಎಂದು ಕರೆಯುವ ಈ ಮರಕ್ಕೆ ಸಂಸ್ಕೃತದಲ್ಲಿ ಶಿರೀಷವೆಂದೂ ತಮಿಳಿನಲ್ಲಿ ವಾಗೈ ಎಂದೂ ಹೆಸರು. ಸಂಸ್ಕೃತ ಕವಿಗಳಿಗೆ ಶಿರೀಷದ ಹೂವು ಕೋಮಲತೆಯ ಅಳತೆಗೋಲಾದರೆ, ಗಾಣ ಮಾಡುವ ಬಡಗಿಗೆ ಅದೇ ಮರದ ಚೇಗು, ಅಂದರೆ ಕಾಂಡದ ಒಳಗಿನ ಬಲಿತ ಭಾಗ, ಗಟ್ಟಿತನದ ಅಳತೆಗೋಲು; ತಮಿಳುನಾಡಿನ ಮರದ ಗಾಣಗಳಿಗೆ ಇಂದಿಗೂ ವಾಗೈ ಮರವನ್ನೇ ಹುಡುಕಿ ತರುತ್ತಾರೆ. ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ್ದರಿಂದ ತೊಗರಿ, ಅಲಸಂದೆಗಳಂತೆ ಇದರ ಬೇರಿನಲ್ಲಿಯೂ ಗಂಟುಗಳಾಗಿ, ಅವುಗಳೊಳಗಿನ ರೈಝೋಬಿಯಂ ಜಾತಿಯ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಬಯಲುಸೀಮೆಯಿಂದ ಹಿಡಿದು 2,500 ಮಿಲಿಮೀಟರ್ ಬೀಳುವ ಅರೆಮಲೆನಾಡಿನವರೆಗೆ, ನೀರು ನಿಲ್ಲದ ಯಾವ ಮಣ್ಣಿನಲ್ಲಿಯೂ ಇದು ಬದುಕಬಲ್ಲದು. ಸ್ವಲ್ಪ ಚೌಳು, ಸ್ವಲ್ಪ ಸುಣ್ಣದಂಶವಿದ್ದರೂ ತಾಳಿಕೊಳ್ಳುತ್ತದೆ.

ಬೀಜದಿಂದ ಬಾಗೆ ಬೆಳೆಸಲು ಹೊರಟವರು ಸೋಲುವುದು ಸಾಮಾನ್ಯವಾಗಿ ಎರಡೇ ಕಡೆ: ಬೀಜದ ಸಿಪ್ಪೆಯಲ್ಲಿ ಮತ್ತು ಚೀಲಕ್ಕೆ ತುಂಬುವ ಮಣ್ಣಿನಲ್ಲಿ. ಹೀಗಾಗಿ ಈ ಎರಡರ ಬಗ್ಗೆ ಇಲ್ಲಿ ತುಸು ಹೆಚ್ಚೇ ಹೇಳಿದ್ದೇನೆ.

ತಾಯಿಮರವನ್ನು ಗುರುತಿಸುವುದು

ಜನವರಿಯಿಂದ ಮಾರ್ಚ್‌ವರೆಗಿನ ದಿನಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಎಲೆಯುದುರಿ ಬೋಳಾದ ಮರದ ತುಂಬ ಒಣಹುಲ್ಲಿನ ಬಣ್ಣದ ಚಪ್ಪಟೆ ಕಾಯಿಗಳು ನೇತಾಡುತ್ತಿರುತ್ತವೆ. ಗಾಳಿ ಬೀಸಿದರೆ ಒಳಗಿನ ಬೀಜಗಳು ಅಲುಗಾಡಿ ಮರವಿಡೀ ಗಲಗಲ ಸದ್ದು ಮಾಡುತ್ತದೆ. ಕಾಯಿ ಒಂದು ಗೇಣಿಗಿಂತ ತುಸು ಹೆಚ್ಚು ಕಡಿಮೆ ಉದ್ದ, ಎರಡು ಬೆರಳಗಲ, ಕಾಗದದಷ್ಟು ತೆಳು. ಬೀಜವಿರುವ ಜಾಗದಲ್ಲಿ ಮಾತ್ರ ಉಬ್ಬಿರುತ್ತದೆ.

ಮಳೆ ಮರವನ್ನೂ ಹಲವರು ಬಾಗೆಯೆಂದೇ ಕರೆಯುವುದರಿಂದ ಇಲ್ಲಿ ಎಚ್ಚರ ಬೇಕು. ಮಳೆ ಮರದ ಹೂವು ಗುಲಾಬಿ ಬಣ್ಣದ್ದು, ಕಾಯಿ ದಪ್ಪ, ಕಪ್ಪು, ಒಳಗೆ ಅಂಟಾದ ಸಿಹಿ ತಿರುಳು. ಅದು ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಸುಬಾಬುಲ್‌ನ ಕಾಯಿಯೂ ಚಪ್ಪಟೆಯೇ, ಆದರೆ ಬೆರಳಿಗಿಂತ ಕಿರಿದಾಗಿದ್ದು ಗೊಂಚಲು ಗೊಂಚಲಾಗಿ ಜೋತುಬೀಳುತ್ತದೆ, ಬಣ್ಣ ಕಂದು. ಸುಬಾಬುಲ್‌ನ ಬೀಜವನ್ನು ಬಾಗೆಯೆಂದು ನಂಬಿ ಹೊಲಕ್ಕೆ ತಂದರೆ ಮುಂದೆ ಅದನ್ನು ಕೀಳುವುದೇ ಒಂದು ಕೆಲಸವಾಗುತ್ತದೆ.

ನೆಟ್ಟಗೆ ಬೆಳೆದ, ಕಾಂಡದಲ್ಲಿ ಪೊಟರೆಯಿಲ್ಲದ ಮರಗಳನ್ನು ಆರಿಸಿಕೊಳ್ಳಬೇಕು. ಒಂದೇ ಮರದ ಬೀಜಕ್ಕೆ ಜೋತುಬೀಳದೆ, ಒಂದಕ್ಕೊಂದು ದೂರವಿರುವ ನಾಲ್ಕೈದು ಮರಗಳಿಂದ ಸ್ವಲ್ಪ ಸ್ವಲ್ಪ ತರುವುದು ಒಳ್ಳೆಯದು. ಕಾಯಿಗಳನ್ನು ಮರದಿಂದಲೇ ದೋಟಿಯಲ್ಲಿ ಕಿತ್ತುಕೊಳ್ಳಬೇಕು. ಬುಡದಲ್ಲಿ ಬಿದ್ದು ವಾರಗಳಾದ ಕಾಯಿಯ ಬೀಜವನ್ನು ಹುಳು ಆಗಲೇ ತಿಂದಿರುತ್ತದೆ.

ಬೀಜ ಬಿಡಿಸಿ ಇಡುವುದು

ಒಂದು ಕಾಯಿಯಲ್ಲಿ ಆರರಿಂದ ಹನ್ನೆರಡು ಬೀಜಗಳಿರುತ್ತವೆ. ಕಿಲೋಗೆ ಹೆಚ್ಚು ಕಡಿಮೆ 8,000ದಿಂದ 10,000 ಬೀಜ ತೂಗುವುದರಿಂದ, ನೂರು ಸಸಿ ಬೇಕೆನ್ನುವವರಿಗೆ 25 ಗ್ರಾಂ ಬೀಜ ಧಾರಾಳವಾಯಿತು. ಇದಕ್ಕೆ ನಲವತ್ತು ಐವತ್ತು ಕಾಯಿ ಸಾಕು; ಗೋಣಿಚೀಲಗಟ್ಟಲೆ ತರುವ ಅಗತ್ಯವಿಲ್ಲ. ನಾನು ಮೊದಲ ವರ್ಷ ಅದನ್ನೇ ಮಾಡಿದೆ. ಚೀಲ ತುಂಬ ಕಾಯಿ ತಂದು, ಬಿಡುವಾದಾಗ ಬಿಡಿಸಿದರಾಯಿತೆಂದು ಅಟ್ಟದ ಮೇಲಿಟ್ಟು ಎರಡು ತಿಂಗಳ ಮೇಲೆ ತೆಗೆದರೆ, ಪ್ರತಿ ಬೀಜದ ನಡುವೆಯೂ ಸೂಜಿಯಿಂದ ಚುಚ್ಚಿದಂತಹ ದುಂಡನೆಯ ತೂತು, ಚೀಲದ ತಳದಲ್ಲಿ ಹಿಟ್ಟು. ಹೆಸರುಕಾಳಿಗೆ ಬೀಳುವ ಹುಳುವಿನ ಬಳಗಕ್ಕೆ ಸೇರಿದ ಕೀಟವೊಂದು ಮರದಲ್ಲಿರುವಾಗಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ, ನಾವು ಅದನ್ನು ಮನೆಗೆ ತಂದು ಸಾಕುತ್ತೇವೆ.

ಆದ್ದರಿಂದ ಕಾಯಿ ತಂದ ವಾರದೊಳಗೆ ಎರಡು ದಿನ ಬಿಸಿಲಿಗೆ ಹರಡಿ, ಕೋಲಿನಿಂದ ಬಡಿದು, ಮೊರದಲ್ಲಿ ಕೇರಿ ಬೀಜ ಬೇರೆ ಮಾಡಿಬಿಡಬೇಕು. ಆನಂತರ ಬಕೆಟ್ ನೀರಿಗೆ ಸುರಿದು, ತೇಲುವುದನ್ನು ಚೆಲ್ಲಿ, ಮುಳುಗಿದ್ದನ್ನು ಕೂಡಲೇ ತೆಗೆದು ನೆರಳಿನಲ್ಲಿ ಆರಿಸಬೇಕು. ಒಳ್ಳೆಯ ಬೀಜ ಚಪ್ಪಟೆಯಾಗಿ, ತಿಳಿಕಂದು ಬಣ್ಣದ್ದಾಗಿ, ಎರಡು ಮೈಯಲ್ಲಿಯೂ ಕುದುರೆ ಲಾಳದಂತಹ ಸಣ್ಣ ಗೆರೆಯೊಂದನ್ನು ಹೊತ್ತಿರುತ್ತದೆ. ಇದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೂದಿಯೊಂದಿಗೆ ಬೆರೆಸಿ ತಂಪಾದ ಕಡೆ ಇಟ್ಟರೆ ಹಲವು ವರ್ಷ ಕೆಡುವುದಿಲ್ಲ.

ಸಿಪ್ಪೆಯ ಬೀಗ ತೆಗೆಯುವುದು

ಬಾಗೆಯ ಬೀಜವನ್ನು ಹಾಗೆಯೇ ಬಿತ್ತಿದರೆ ಅಲ್ಲೊಂದು ಇಲ್ಲೊಂದು ಮೊಳೆಯುತ್ತದೆ, ಉಳಿದವು ತಿಂಗಳುಗಟ್ಟಲೆ ಮಣ್ಣಿನಲ್ಲಿ ಕಲ್ಲಿನಂತೆ ಬಿದ್ದಿರುತ್ತವೆ. ಬೀಜ ಜೊಳ್ಳೆಂದು ಬೈಯುವುದು ತಪ್ಪು. ನೀರು ಒಳನುಸುಳದಷ್ಟು ಗಟ್ಟಿಯಾದ ಸಿಪ್ಪೆಯಿರುವುದು ಆ ಮರದ ಜಾಣತನ. ಅಡ್ಡಮಳೆಯೊಂದಕ್ಕೆ ಎಲ್ಲ ಬೀಜವೂ ಒಮ್ಮೆಗೇ ಮೊಳೆತು ಮುಂದಿನ ಬಿಸಿಲಿಗೆ ಸಾಯದಂತೆ ಅದು ಕಾಪಾಡುತ್ತದೆ. ನರ್ಸರಿಯಲ್ಲಿ ನಮಗೆ ಬೇಕಾದದ್ದು ಅದಕ್ಕೆ ವಿರುದ್ಧವಾದದ್ದು.

ಮನೆಯಲ್ಲಿ ಮಾಡಬಹುದಾದ ಸುಲಭ ವಿಧಾನವೆಂದರೆ ಬಿಸಿನೀರು. ಬೀಜದ ಐದು ಪಟ್ಟು ನೀರನ್ನು ಕುದಿಸಿ, ಒಲೆಯಿಂದಿಳಿಸಿ, ಕುದಿ ನಿಂತು ಒಂದೆರಡು ನಿಮಿಷವಾದ ಮೇಲೆ ಬೀಜವನ್ನು ಅದಕ್ಕೆ ಹಾಕಿ ಹಾಗೆಯೇ ಆರಲು ಬಿಡಬೇಕು. ಬೀಜ ಹಾಕಿದ ಮೇಲೆ ಒಲೆಯ ಮೇಲಿಟ್ಟರೆ ಬೇಯಿಸಿದಂತಾಗುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಪಾತ್ರೆಯಲ್ಲಿ ಎರಡು ಬಗೆಯ ಬೀಜಗಳು ಕಾಣುತ್ತವೆ: ನೀರು ಕುಡಿದು ಇಮ್ಮಡಿಯಾಗಿ ಉಬ್ಬಿ ಮೆತ್ತಗಾದವು, ಮತ್ತು ನಿನ್ನೆ ಹಾಕಿದಂತೆಯೇ ಚಪ್ಪಟೆಯಾಗಿ ಉಳಿದವು. ಉಬ್ಬಿದವನ್ನು ಅಂದೇ ಬಿತ್ತಬೇಕು. ಉಬ್ಬದವನ್ನು ಮತ್ತೊಮ್ಮೆ ಬಿಸಿನೀರಿಗೆ ಹಾಕಬಹುದು.

ನೂರಿನ್ನೂರು ಬೀಜ ಮಾತ್ರ ಇದ್ದರೆ ನನಗೆ ಹೆಚ್ಚು ನೆಚ್ಚಿಗೆಯಾದದ್ದು ನೇಲ್ ಕಟರ್. ಬೀಜದ ಒಂದು ತುದಿಯಲ್ಲಿ, ಅದು ಕಾಯಿಗೆ ಅಂಟಿಕೊಂಡಿದ್ದ ಕಡೆ, ಚಿಕ್ಕ ಚುಕ್ಕೆಯಂತಹ ಗುರುತಿರುತ್ತದೆ. ಮೊಳಕೆಯ ಬೇರು ಹೊರಡುವುದು ಅಲ್ಲಿಂದ. ಆ ತುದಿಯನ್ನು ಬೆರಳಲ್ಲಿ ಹಿಡಿದು, ಅದರ ಎದುರು ತುದಿಯ ಅಂಚನ್ನು ಒಳಗಿನ ಬಿಳುಪು ಕಾಣುವಷ್ಟು ಮಾತ್ರ ಕಚ್ಚಿಸಬೇಕು. ಕಟಕ್ಕೆಂದು ಸದ್ದಾದರೆ ಸಾಕು, ಇನ್ನೂ ಒತ್ತಿದರೆ ಬೇಳೆ ಒಡೆಯುತ್ತದೆ. ಹೀಗೆ ಕಚ್ಚಿಸಿದ ಬೀಜವನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಬಹುತೇಕ ಎಲ್ಲವೂ ಉಬ್ಬುತ್ತವೆ. ದೊಡ್ಡ ನರ್ಸರಿಗಳವರು ಗಂಧಕಾಮ್ಲದಲ್ಲಿ ಅದ್ದಿ ತೊಳೆಯುವುದುಂಟು; ಮನೆಯಂಗಳದಲ್ಲಿ ಮಕ್ಕಳು ಮರಿ ಓಡಾಡುವ ಕಡೆ ಅದರ ಗೊಡವೆ ಬೇಡ.

ಚೀಲದ ಮಣ್ಣು ಮತ್ತು ತಾಯಿಮರದ ಬುಡದ ಒಂದು ಬುಟ್ಟಿ

ಜೂನ್ ಕೊನೆಯಲ್ಲಿ ನೆಡಬೇಕಾದರೆ ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲ ವಾರದಲ್ಲಿ ಬಿತ್ತಬೇಕು. ಐದು ಅಂಗುಲ ಅಗಲ, ಎಂಟು ಅಂಗುಲ ಎತ್ತರದ ಪಾಲಿಥೀನ್ ಚೀಲಗಳು ಸಾಕು. ತಳದಲ್ಲಿಯೂ ಪಕ್ಕದಲ್ಲಿಯೂ ತೂತುಗಳಿರಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಇಷ್ಟನ್ನು ಜರಡಿ ಹಿಡಿದು ಬೆರೆಸಬೇಕು.

ಇಲ್ಲಿಗೆ ನಿಲ್ಲಿಸಿದರೆ ಗಿಡ ಬರುತ್ತದೆ, ಆದರೆ ಬಾಗೆಯ ಅರ್ಧ ಗುಣ ಬರುವುದಿಲ್ಲ. ಸಾರಜನಕ ಹಿಡಿಯುವುದು ಗಿಡವಲ್ಲ, ಬೇರಿನಲ್ಲಿ ಮನೆ ಮಾಡುವ ಸೂಕ್ಷ್ಮಾಣು. ಅಡಿಪಾಯ ತೋಡಿ ತೆಗೆದ ಮಣ್ಣಿನಲ್ಲಿ, ಕೆರೆಯಂಗಳದಿಂದ ತಂದ ಮರಳಿನಲ್ಲಿ ಅದು ಇರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಆರೋಗ್ಯವಾದ ದೊಡ್ಡ ಬಾಗೆ ಮರದ ಬುಡದಲ್ಲಿ ತರಗು ಸರಿಸಿ, ನಾಲ್ಕೈದು ಅಂಗುಲ ಆಳದವರೆಗಿನ, ಕೂದಲೆಳೆಯಂತಹ ಬೇರುಗಳು ಸಿಗುವ ಪದರದ ಮಣ್ಣನ್ನು ಒಂದು ಬುಟ್ಟಿ ತಂದು, ಹತ್ತು ಬುಟ್ಟಿ ಮಿಶ್ರಣಕ್ಕೆ ಒಂದು ಬುಟ್ಟಿಯಂತೆ ಬೆರೆಸಬೇಕು. ಮೊಸರಿಗೆ ಹೆಪ್ಪು ಹಾಕಿದಂತೆ ಇದು. ತಂದ ಮಣ್ಣನ್ನು ಬಿಸಿಲಿಗೆ ಒಣಗಿಸಬಾರದು, ಅಂದೇ ಅಥವಾ ಮರುದಿನವೇ ಬಳಸಬೇಕು. ಬಾಗೆ ಮರವೇ ಹತ್ತಿರದಲ್ಲಿಲ್ಲದವರು ಅಲಸಂದೆ ಬೆಳೆದ ಹೊಲದ ಮೇಲ್ಮಣ್ಣನ್ನು ಬೆರೆಸಬಹುದು. ಅಲಸಂದೆಯ ಬೇರಿಗೆ ಹೊಂದುವ ಸೂಕ್ಷ್ಮಾಣುಗಳಲ್ಲಿ ಅನೇಕವು ಬಾಗೆಗೂ ಹೊಂದುತ್ತವೆ.

ಚೀಲದ ಮಣ್ಣಿಗೆ ಯೂರಿಯಾ ಹಾಕಬಾರದು. ಸಾರಜನಕ ಬೇಕಾದಷ್ಟು ಕೈಗೆ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಎಲೆ ಹಸಿರಾಗಿ ಮಿಂಚುತ್ತದೆ, ಬೇರು ಬೋಳಾಗಿರುತ್ತದೆ, ಹೊಲಕ್ಕೆ ಹೋದ ಮೇಲೆ ಗಿಡ ಬಡವಾಗುತ್ತದೆ. ಏನಾದರೂ ಹಾಕಲೇಬೇಕೆಂದರೆ ರಂಜಕ ಹಾಕಿ. ಗಂಟು ಕಟ್ಟಲು ಅದು ನೆರವಾಗುತ್ತದೆ. ನೂರು ಚೀಲದ ಮಣ್ಣಿಗೆ ಎರಡು ಮೂರು ಹಿಡಿ ಮೂಳೆಹಿಟ್ಟು ಅಥವಾ ಶಿಲಾರಂಜಕ ಸಾಕು.

ಬಿತ್ತನೆ ಮತ್ತು ಸಸಿಯ ಮೊದಲ ತಿಂಗಳುಗಳು

ಉಬ್ಬಿದ ಬೀಜವನ್ನು ಚೀಲಕ್ಕೆರಡರಂತೆ, ಅರ್ಧ ಅಂಗುಲಕ್ಕಿಂತ ಹೆಚ್ಚು ಆಳವಿಲ್ಲದಂತೆ ಊರಿ, ಮರಳು ಮುಚ್ಚಿ, ತೂತಿನ ಮೂತಿಯ ಕ್ಯಾನಿನಲ್ಲಿ ನೀರುಣಿಸಬೇಕು. ನಾಲ್ಕೈದನೆಯ ದಿನಕ್ಕೆ ಮಣ್ಣು ಬಿರಿದು ದಪ್ಪನೆಯ ಎರಡು ಬೇಳೆಗಳನ್ನು ಹೊತ್ತ ಮೊಳಕೆ ಮೇಲೇಳುತ್ತದೆ. ಕೊನೆಯವು ಬರಲು ಎರಡು ಮೂರು ವಾರ ಹಿಡಿಯಬಹುದು. ಮೊದಲು ಬರುವ ಎಲೆಯನ್ನು ಕಂಡು ಬೇರೆ ಯಾವುದೋ ಗಿಡವೆಂದು ಕಿತ್ತುಬಿಡಬಾರದು. ಅದು ಒಂದೇ ಕಡ್ಡಿಯ ಎರಡು ಪಕ್ಕದಲ್ಲಿ ಎಲೆಗಳಿರುವ ಸರಳ ಎಲೆ, ಕಡ್ಡಿಗೆ ಕಡ್ಡಿ ಕವಲೊಡೆದ ಬಾಗೆಯ ನಿಜವಾದ ಎಲೆ ಅದರ ನಂತರ ಬರುತ್ತದೆ. ಎರಡೂ ಬೀಜ ಮೊಳೆತಲ್ಲಿ ಸೊರಗಿದ್ದನ್ನು ಕಿತ್ತು ಒಂದನ್ನು ಉಳಿಸಬೇಕು.

ಮೊದಲ ಎರಡು ಮೂರು ವಾರ ತೆಳುನೆರಳು ಸಾಕು, ಆಮೇಲೆ ಪೂರ್ತಿ ಬಿಸಿಲು ಬೇಕು. ಬಾಗೆ ಬೆಳಕಿಗೆ ಆಸೆಪಡುವ ಮರ, ನೆರಳಿನಲ್ಲಿ ಬೆಳೆದ ಸಸಿ ಕಡ್ಡಿಯಂತೆ ಎಳೆದುಕೊಂಡು ಬಾಗುತ್ತದೆ. ನೀರು ಹೆಚ್ಚಾದರೆ ಎಳೆಯ ಸಸಿಯ ಬುಡ ಕೊಳೆತು ಅಡ್ಡ ಬೀಳುವುದರಿಂದ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಬೇಕು. ಸಂಜೆ ಹೊತ್ತಿಗೆ ನರ್ಸರಿಗೆ ಹೋದವರು ಎಲ್ಲ ಸಸಿಗಳೂ ಎಲೆ ಮಡಚಿ ಜೋತಿರುವುದನ್ನು ಕಂಡು ಗಾಬರಿಯಿಂದ ನೀರು ಸುರಿಯುವುದುಂಟು; ಬಾಗೆ ರಾತ್ರಿ ಎಲೆ ಮಡಚಿ ಮಲಗುವ ಮರ, ಬೆಳಗ್ಗೆ ತಾನೇ ಬಿಚ್ಚಿಕೊಳ್ಳುತ್ತದೆ.

ತಾಯಿಬೇರು ಬೇಗ ಇಳಿದು, ಚೀಲದ ತೂತಿನಿಂದ ನೆಲಕ್ಕೆ ಹೊಕ್ಕುತ್ತದೆ. ತಿಂಗಳಿಗೊಮ್ಮೆ ಚೀಲಗಳನ್ನು ಎತ್ತಿ ಜಾಗ ಬದಲಿಸಿ, ಹೊರಬಂದ ಬೇರನ್ನು ಕತ್ತರಿಸುತ್ತಿದ್ದರೆ ಚೀಲದೊಳಗೇ ಕವಲುಬೇರು ಹೆಚ್ಚುತ್ತದೆ. ಎರಡನೆಯ ತಿಂಗಳಲ್ಲಿ ಒಂದು ಸಸಿಯನ್ನು ಬಲಿಕೊಟ್ಟು ಪರೀಕ್ಷೆ ಮಾಡಿ ನೋಡುವುದು ಒಳಿತು. ಚೀಲ ಹರಿದು, ಬೇರನ್ನು ನೀರಿನಲ್ಲಿ ಅಲುಗಿಸಿ ತೊಳೆದರೆ ಸಾಸಿವೆ ಕಾಳಿನಷ್ಟು ದಪ್ಪದ ಗಂಟುಗಳು ಕಾಣಬೇಕು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣವಿದ್ದರೆ ಸೂಕ್ಷ್ಮಾಣುಗಳು ಕೆಲಸ ಮಾಡುತ್ತಿವೆಯೆಂದು ಅರ್ಥ. ಬೆಳ್ಳಗಿದ್ದರೆ ಇನ್ನೂ ಎಳಸು. ಗಂಟೇ ಇಲ್ಲದಿದ್ದರೆ ತಾಯಿಮರದ ಮಣ್ಣನ್ನು ನೀರಿನಲ್ಲಿ ಕದಡಿ, ಆ ನೀರನ್ನೇ ಚೀಲಗಳಿಗೆ ಹಾಕಬೇಕು.

ಹಳದಿ ಚಿಟ್ಟೆಗಳು ನರ್ಸರಿಯ ಸುತ್ತ ಸುಳಿದಾಡತೊಡಗಿದರೆ ಎಲೆಗಳ ಮೇಲೆ ಗುಂಪು ಗುಂಪಾಗಿರುವ ಹಸಿರು ಹುಳುಗಳನ್ನು ಹುಡುಕಬೇಕು. ಒಂದೆರಡು ದಿನದಲ್ಲಿ ಗಿಡವನ್ನು ಬೋಳಿಸಬಲ್ಲವು, ಆದರೆ ಕೈಯಿಂದ ಆರಿಸಿ ತೆಗೆಯುವಷ್ಟೇ ಕೆಲಸ. ಬೋಳಾದ ಸಸಿಯೂ ಸಾಮಾನ್ಯವಾಗಿ ಚಿಗುರುತ್ತದೆ.

ಹೊಲದಲ್ಲಿ ನೆಡುವುದು

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಏಪ್ರಿಲ್‌ನಲ್ಲೇ ತೆಗೆದು ಬಿಸಿಲಿಗೆ ಬಿಟ್ಟಿರಬೇಕು. ಬದುವಿನ ಮೇಲಾದರೆ ಮರದಿಂದ ಮರಕ್ಕೆ ಹದಿನೈದರಿಂದ ಇಪ್ಪತ್ತು ಅಡಿ. ತೋಪಿನಂತೆ ಬೆಳೆಸುವುದಾದರೆ ಹತ್ತು ಅಡಿಗೊಂದರಂತೆ ಒತ್ತಾಗಿ ನೆಟ್ಟು ಮುಂದೆ ತೆಳುಮಾಡಬೇಕು. ಒತ್ತಾಗಿದ್ದಾಗ ಮಾತ್ರ ಬಾಗೆ ನೆಟ್ಟಗೆ ಏರುತ್ತದೆ, ಬಯಲಲ್ಲಿ ಒಂಟಿಯಾಗಿ ನಿಂತದ್ದು ಎದೆಯೆತ್ತರದಲ್ಲೇ ಕವಲೊಡೆದು ಕೊಡೆಯಾಗುತ್ತದೆ. ಬೇರು ಹೆಚ್ಚಾಗಿ ಮೇಲ್ಪದರದಲ್ಲಿ ಹರಡುವುದರಿಂದ ಮಣ್ಣಿನ ಸವಕಳಿ ತಡೆಯಲು ಒಳ್ಳೆಯದು. ಅದೇ ಕಾರಣಕ್ಕೆ ಮನೆಯ ಗೋಡೆ, ಬಾವಿಕಟ್ಟೆಗಳ ಪಕ್ಕಕ್ಕೆ ಒಳ್ಳೆಯದಲ್ಲ.

ಮೃಗಶಿರಾ ಮಳೆಗೆ ನೆಲ ನೆನೆದು, ಆರಿದ್ರಾ ಹಿಡಿದ ಮೇಲೆ ನೆಡುವುದು ನಮ್ಮ ಬಯಲುಸೀಮೆಗೆ ಸರಿಹೊಂದುತ್ತದೆ. ನೆಡುವ ಹದಿನೈದು ದಿನ ಮೊದಲಿನಿಂದ ನೀರನ್ನು ಕಡಿಮೆ ಮಾಡುತ್ತ ಬಂದರೆ ಸಸಿ ಗಟ್ಟಿಯಾಗುತ್ತದೆ. ಗುಂಡಿಗೆ ಮೇಲ್ಮಣ್ಣು ಮತ್ತು ಎರಡು ಬೊಗಸೆ ಗೊಬ್ಬರ ತುಂಬಿ, ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆದು, ತಳದಲ್ಲಿ ಸುತ್ತಿಕೊಂಡ ಬೇರಿದ್ದರೆ ಕತ್ತರಿಸಿ, ಚೀಲದಲ್ಲಿದ್ದಷ್ಟೇ ಆಳಕ್ಕೆ ನೆಟ್ಟು ಮಣ್ಣನ್ನು ಕಾಲಿನಿಂದ ಮೆಟ್ಟಬೇಕು. ಸಸಿ ಬೆಳೆಸುವ ತಾಳ್ಮೆಯಿಲ್ಲದವರು ಬಿಸಿನೀರಿನ ಉಪಚಾರವಾದ ಬೀಜವನ್ನು ಗುಂಡಿಗೆ ಮೂರು ನಾಲ್ಕರಂತೆ ನೇರವಾಗಿ ಬಿತ್ತಬಹುದು. ಕಳೆ ಕೀಳುವುದರಲ್ಲಿ ಸೋಮಾರಿತನ ಮಾಡಿದರೆ ಈ ದಾರಿ ಕೈಕೊಡುತ್ತದೆ.

ಮೊದಲ ಎರಡು ವರ್ಷ ಬಾಗೆಗೆ ಎರಡೇ ಶತ್ರುಗಳು, ಆಡು ಮತ್ತು ಕಳೆ. ಎಲೆಯಲ್ಲಿ ಪ್ರೋಟೀನು ಶೇ. 15ಕ್ಕಿಂತ ಹೆಚ್ಚಿರುವುದು ನಮಗೆ ಪುಸ್ತಕದಿಂದ ತಿಳಿಯಬೇಕು, ಆಡಿಗೆ ಹುಟ್ಟಿನಿಂದಲೇ ತಿಳಿದಿರುತ್ತದೆ. ಪ್ರತಿ ಸಸಿಗೂ ಎದೆಯೆತ್ತರದ ಜಾಲಿಮುಳ್ಳಿನ ಬೇಲಿ ಕಟ್ಟದೆ ಬಾಗೆ ನೆಡುವುದು ಆಡಿಗೆ ಮೇವು ಹಾಕಿದಂತೆಯೇ ಸರಿ. ಬುಡದ ಸುತ್ತ ಮೂರಡಿ ಅಗಲ ಕಳೆ ತೆಗೆದು ಅದೇ ಕಳೆಯನ್ನು ಮುಚ್ಚಿಗೆಯಾಗಿ ಹಾಸಬೇಕು. ಮೊದಲ ಬೇಸಿಗೆಯಲ್ಲಿ ಸಸಿಯ ಪಕ್ಕ ತಳದಲ್ಲಿ ತೂತಿರುವ ಮಣ್ಣಿನ ಮಡಿಕೆಯನ್ನು ಹೂತು, ವಾರಕ್ಕೊಮ್ಮೆ ತುಂಬಿಸಿದರೆ ಸಾಕು.

ಮಣ್ಣಿಗೆ ಲಾಭ ಸಿಗುವುದು ಎಲ್ಲಿಂದ

ಬಾಗೆ ನೆಟ್ಟೊಡನೆ ಪಕ್ಕದ ರಾಗಿಗೆ ಸಾರಜನಕ ಹರಿದುಬರುತ್ತದೆಂಬ ನಂಬಿಕೆ ಹಲವರಲ್ಲಿದೆ. ಮರ ಹಿಡಿದ ಸಾರಜನಕದ ಬಹುಪಾಲು ಅದರ ಎಲೆ, ಬೇರು, ಮರದಲ್ಲೇ ಇರುತ್ತದೆ. ಎಲೆ ಉದುರಿ ಕೊಳೆತಾಗ, ಬೇರು ಸತ್ತು ಕರಗಿದಾಗ ಮಾತ್ರ ಅದು ಮಣ್ಣಿಗೆ ಸೇರುತ್ತದೆ. ಉದುರಿದ ತರಗನ್ನು ಗುಡಿಸಿ ಬೆಂಕಿ ಹಾಕುವವರ ಹೊಲಕ್ಕೆ ಬಾಗೆಯಿಂದ ನೆರಳು ಸಿಕ್ಕೀತು, ಗೊಬ್ಬರ ಸಿಗದು.

ಆದ್ದರಿಂದ ಮೂರನೆಯ ವರ್ಷದಿಂದ, ಮುಂಗಾರು ಬಿತ್ತನೆಗೆ ಮುಂಚೆ ಒಮ್ಮೆ, ಮಳೆಗಾಲದ ನಡುವೆ ಒಮ್ಮೆ ಪಕ್ಕದ ರೆಂಬೆಗಳನ್ನು ಸವರಿ ಸೊಪ್ಪನ್ನು ಸಾಲುಗಳ ನಡುವೆ ಹರಡಬೇಕು. ಎರಡು ಮೂರು ದಿನದಲ್ಲಿ ಎಲೆಗಳು ಕಡ್ಡಿಯಿಂದ ಉದುರಿ ಬೇಗನೆ ಮಣ್ಣಾಗುತ್ತವೆ, ಕಡ್ಡಿಗಳನ್ನು ಒಟ್ಟುಮಾಡಿ ಒಲೆಗೆ ಒಯ್ಯಬಹುದು. ಸವರಿದಷ್ಟೂ ಚಿಗುರುವ ಮರವಿದು. ಬೆಳೆಯ ಮೇಲಿನ ನೆರಳೂ ಇದರಿಂದ ತಗ್ಗುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಮರಮುಟ್ಟಾಗಿ ಉಪಯೋಗಿಸಬೇಕಾದ ಮರವನ್ನು, ಸೊಪ್ಪು ಕಡಿಯುವ ಮರವನ್ನು ಬೇರೆ ಬೇರೆಯಾಗಿ ಗುರುತು ಮಾಡಿಕೊಳ್ಳಬೇಕು. ಮರಮುಟ್ಟಿನ ಮರದಲ್ಲಿ ಹತ್ತಡಿ ಎತ್ತರದವರೆಗಿನ ರೆಂಬೆಗಳನ್ನು ಹೆಬ್ಬೆರಳ ದಪ್ಪವಿರುವಾಗಲೇ, ಎಲೆಯಿಲ್ಲದ ಕಾಲದಲ್ಲಿ, ಗರಗಸದಿಂದ ಕಾಂಡಕ್ಕೆ ಒತ್ತಾಗಿ ತೆಗೆಯಬೇಕು. ಮಚ್ಚಿನಿಂದ ಹೊಡೆದರೆ ತೊಗಟೆ ಸೀಳಿ ಅಲ್ಲಿ ಹುಳು ಸೇರುತ್ತದೆ.

ಕಡಿಯುವ ಕಾಲಕ್ಕೆ

ಉರುವಲಿಗಾದರೆ ಹತ್ತರಿಂದ ಹದಿನೈದು ವರ್ಷಕ್ಕೆ ಕಡಿಯಬಹುದು, ಮೋಟು ಮತ್ತೆ ಚಿಗುರುತ್ತದೆ. ಮರಮುಟ್ಟಿಗೆ ಇನ್ನೂ ಕಾಯಬೇಕು, ಏಕೆಂದರೆ ಬೆಲೆಯಿರುವುದು ಕಪ್ಪುಗಂದು ಗೆರೆಗಳ ಚೇಗಿಗೆ, ಹೊರಗಿನ ಬಿಳಿಯ ಭಾಗವನ್ನು ಹುಳು ಬೇಗ ತಿನ್ನುತ್ತದೆ. ನಮ್ಮದೇ ಹೊಲದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿರುವುದರಿಂದ, ಕಡಿಯುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಬೇಕಿದ್ದರೆ ಪಡೆದುಕೊಳ್ಳಬೇಕು. ನೆಡುವಾಗಲೂ ಅದೇ ಕಚೇರಿಗೆ ಒಮ್ಮೆ ಹೋಗಿ ಬರುವುದು ಲೇಸು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಇಲಾಖೆಯ ಸಸ್ಯಕ್ಷೇತ್ರದಿಂದ ಪಡೆದು ನೆಟ್ಟು ಉಳಿಸಿಕೊಂಡ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ.

ದಿಮ್ಮಿಯನ್ನು ಕೊಯ್ಯಿಸುವಾಗ ಮಿಲ್ಲಿನವರಿಗೆ ಇದು ಬಾಗೆಯೆಂದು ಮೊದಲೇ ತಿಳಿಸಬೇಕು. ಇದರ ಹೊಟ್ಟು ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲುವುದು ವಾಸಿ.